ನೀನು ಸುಟ್ಟ ಬಟ್ಟೆಯನ್ನು ಮತ್ತೆ ಹೊಲಿಯುತ್ತಿದ್ದೇನೆ

ಅಕ್ಕಾ,

ನಿನ್ನ ತಂಗಿ ಗಿರಿಜ ಮಾಡುವ ಶರಣು. ನಾವೆಲ್ಲ ಕ್ಷೇಮ. ಆದರೆ ಮನೆಯಲ್ಲಿ ಒಂದು ಜಗಳ ನಡೆದಿದೆ, ಅದರಲ್ಲಿ ಮಾತುಮಾತಿಗೂ ನಿನ್ನ ಹೆಸರು ಬರುತ್ತಿದೆ. "ಅಮ್ಮ ಇದ್ದಿದ್ರೆ ನಿನ್ನ ಮಿಷನ್ನೇ ಎತ್ತಿ ಬೀದಿಗೆ ಹಾಕ್ತಿದ್ಲು ಚಿಕ್ಕಮ್ಮ" ಅನ್ನುತ್ತಾಳೆ ನಿನ್ನ ಮಗಳು ಉಷಾ. ಹಾಕುತ್ತಿದ್ದೆಯಾ? ಅವಳು ನಿನ್ನ ಪರವಾಗಿ ಮಾತಾಡುತ್ತಾಳೆ, ನಾನು ನಿನ್ನ ಪರವಾಗಿ ಉತ್ತರ ಕೊಡುತ್ತೇನೆ. ನಿನ್ನನ್ನು ಮಾತ್ರ ಯಾರೂ ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಮುಟ್ಟಿನ ಬಟ್ಟೆಯದು. ಹೌದು, ನೀನು ಸುಟ್ಟೆಯಲ್ಲ, ಅದೇ ಬಟ್ಟೆ.

ಉಷಾ ದೊಡ್ಡವಳಾದ ದಿನ ನೆನಪಿದೆಯಾ? ನನ್ನ ಯಜಮಾನರು ತೀರಿಕೊಂಡು ನಾನು ನಿನ್ನ ಗವಿಪುರದ ಮನೆ ಸೇರಿ ಇನ್ನೂ ಬಹಳ ದಿನ ಆಗಿರಲಿಲ್ಲ. ಆರತಿಗೆ ಹೆಂಗಸರೆಲ್ಲ ಬಂದು ಕೂತಿದ್ದರು. ನಾನು ಚಿಗಳಿ ಉಂಡೆ ಕಟ್ಟಿ ತಟ್ಟೆಗೆ ಜೋಡಿಸುತ್ತಿದ್ದೆ. ನೀನು ಎಲ್ಲಿಂದಲೋ ಬಂದವಳೇ ಆ ಉಂಡೆಗಳ ಪಕ್ಕದಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ ಇಟ್ಟೆ. ಸೋದರತ್ತೆ ಕತ್ತು ಉದ್ದ ಮಾಡಿ "ಏನೇ ಅದು?" ಎಂದರು. "ಬ್ರೆಡ್ಡು ಅಂತ ತಿಳ್ಕೊಳಿ ಅತ್ತೆ" ಎಂದೆ ನೀನು. ಮೆಡಿಕಲ್ ಶಾಪಿಗೆ ನೀನೇ ಹೋಗಿ, ಬಾಯಿಬಿಟ್ಟು ಕೇಳಿ ತಂದ ಪ್ಯಾಡು ಅದು. ಮಾರನೆಯ ಬೆಳಿಗ್ಗೆ ಬಚ್ಚಲಿನ ಹಂಡೆಯ ಒಲೆ ಮುಂದೆ ಕೂತು, ಮನೆಯಲ್ಲಿದ್ದ ಮುಟ್ಟಿನ ಬಟ್ಟೆಯನ್ನೆಲ್ಲ ಒಂದೊಂದಾಗಿ ಉರಿಗೆ ಹಾಕಿದೆ. ಮುಂದಕ್ಕೆ ಬೇಕಾದೀತೆಂದು ಹರಿದು ಇಟ್ಟಿದ್ದ ಅಪ್ಪಾಜಿಯ ಹಳೇ ಪಂಚೆಯನ್ನೂ ಬಿಡಲಿಲ್ಲ. "ಇನ್ಮೇಲೆ ಈ ಮನೆ ಹೆಣ್ಮಕ್ಕಳು ಬಟ್ಟೆ ಕಟ್ಟಲ್ಲ" ಎಂದೆ. ನಾನು ಮೆಲ್ಲಗೆ "ನಂದೂನಾ?" ಎಂದು ಕೇಳಿದೆ. "ನಿಂದೂನೇ. ತಾ ಇಲ್ಲಿ."

ನಿನಗೆ ಆ ಸಿಟ್ಟು ಎಲ್ಲಿಂದ ಬಂದಿತ್ತು ಅನ್ನುವುದು ಉಷಾಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ನಾವಿಬ್ಬರೂ ಇಳಿದಿದ್ದೆವು. ನಿನಗೆ ಆಗ ತಾನೇ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತುಬಿಟ್ಟೆ. ಸೊಂಟದ ದಾರ ಸಡಿಲವಾಗಿ ಬಟ್ಟೆ ಜಾರಿ ಕೆಳಗೆ ಬಿದ್ದಿತ್ತು, ನೀನು ಅದರ ಮೇಲೆ ಕಾಲಿಟ್ಟಿದ್ದೆ. "ಏನಕ್ಕ?" ಎಂದರೆ "ಮಾತಾಡ್ಬೇಡ. ಬಸ್ ಕಾಯ್ತಿರೋ ಥರ ನಿಂತ್ಕೋ" ಎಂದೆ. ಬಸ್ಸುಗಳು ಬಂದವು, ಹೋದವು. "ಹತ್ತಮ್ಮಾ, ಖಾಲಿ ಇದೆ" ಎಂದು ಕಂಡಕ್ಟರು ಕೂಗಿದ. ನೀನು ಗಂಟೆಗಟ್ಟಲೆ ಇನ್ನೆಲ್ಲಿಗೋ ಹೋಗುವವಳ ಹಾಗೆ ದೂರ ನೋಡುತ್ತ ನಿಂತಿದ್ದೆ. ಕಡೆಗೆ ಜನ ಸರಿದ ಮೇಲೆ ಕಾಲಿನಲ್ಲೇ ಅದನ್ನು ಚರಂಡಿಗೆ ತಳ್ಳಿ ನಡೆದೆ. ಆ ಕಾಲು ಎತ್ತಲಾಗದೆ ನಿಂತವಳು ಮುಂದೊಂದು ದಿನ ಎಲ್ಲವನ್ನೂ ಒಲೆಗೆ ಹಾಕಿದ್ದರಲ್ಲಿ ಆಶ್ಚರ್ಯವೇನು?

ಹೋದ ಮಳೆಗಾಲದಲ್ಲಿ ಉಷಾಳ ಮಗಳು ಶರಣ್ಯ, ನೀನು ಎತ್ತಿಕೊಂಡು ತಿರುಗುತ್ತಿದ್ದ ಮೊಮ್ಮಗು, ಈಗ ಹೈಸ್ಕೂಲು, ಕಾಲು ಅಗಲಿಸಿ ನಡೆಯುವುದನ್ನು ನೋಡಿದೆ. ಕೇಳಿದರೆ ಹೇಳುವುದಿಲ್ಲ. ತಿಂಗಳ ಆ ದಿನಗಳಲ್ಲಿ ಸ್ಕೂಲಿಗೆ ಚಕ್ಕರ್ ಹೊಡೆಯಲು ಶುರು ಮಾಡಿದ್ದಳು. ಕಡೆಗೆ ಬಚ್ಚಲುಮನೆಯಲ್ಲಿ ಅಳುವುದು ಕೇಳಿಸಿತು. ಪ್ಯಾಡು ತಗುಲಿದ ಕಡೆಯಲ್ಲೆಲ್ಲ ಕೆಂಪು ಗಂದೆ, ತೊಡೆಯ ಸಂದಿಯಲ್ಲಿ ಸುಲಿದು ಹೋಗಿತ್ತು. ಉಷಾ ಪಾಪ, ಈ ಕಂಪನಿ ಬೇಡ ಆ ಕಂಪನಿ ಅಂತ ಪಾಕೀಟು ಬದಲಾಯಿಸಿದ್ದೇ ಬದಲಾಯಿಸಿದ್ದು. ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, "ಕೆಲವರ ಚರ್ಮಕ್ಕೆ ಆ ಶೀಟು, ಸೆಂಟು ಆಗಿಬರಲ್ಲ. ಕಾಟನ್ ಬಟ್ಟೇದು ಬೇಕಾದ್ರೆ ಟ್ರೈ ಮಾಡಿ. ಆದ್ರೆ ಬಿಸಿಲಲ್ಲಿ ಚೆನ್ನಾಗಿ ಒಣಗ್ಬೇಕು" ಎಂದರು. ಉಷಾ ಅಲ್ಲೇ "ಬಟ್ಟೆ ಬೇಡ ಡಾಕ್ಟ್ರೇ" ಎಂದಳು. ನಿನ್ನ ಗಂಟಲೇ ಅಕ್ಕ, ಅದೇ ದನಿ.

ಅದರ ಮಾರನೆಯ ದಿನ ಶರಣ್ಯ ಫೋನು ಹಿಡಿದು ನನ್ನ ಮಿಷನ್ ಪಕ್ಕ ಬಂದು ಕೂತಳು. "ಚಿಕ್ಕಜ್ಜಿ, ನಮ್ ಕ್ಲಾಸಲ್ಲಿ ಒಬ್ಳು ಬಟ್ಟೇದೇ ಯೂಸ್ ಮಾಡ್ತಾಳೆ. ನೋಡು." ನಾನು "ಥೂ, ತೆಗಿ ಆಚೆ" ಎಂದೆ. ನಿನ್ನ ಮಾತು ಇತ್ತಲ್ಲ. ಆದರೆ ಕಣ್ಣು ಆ ಕಡೆಗೇ ಹೋಯಿತು. ಹೂವಿನ ಚಿತ್ರ, ಆನೆ ಚಿತ್ರ, ಎರಡು ಕಡೆ ಚಿಟ್ಟೆಯ ಹಾಗೆ ರೆಕ್ಕೆ, ರೆಕ್ಕೆಗೆ ಬಟನ್ನು. "ಇದೇನೇ ಇದು, ಮುಟ್ಟಿನ ಬಟ್ಟೆನೋ ಗ್ರೀಟಿಂಗ್ ಕಾರ್ಡೋ?" ಎಂದೆ. ಅವಳು ನಕ್ಕಳು. ಎಷ್ಟೋ ದಿನವಾಗಿತ್ತು ಆ ನಗು ಕೇಳಿ. ನನಗೋ ಆ ರೆಕ್ಕೆಯ ಅಂಚು ಹೇಗೆ ತಿರುಗಿಸಿ ಹೊಲಿದಿದ್ದಾರೆ ಅನ್ನುವುದೇ ತಲೆಯಲ್ಲಿ. ಒಳಗೆ ಎಷ್ಟು ಪದರ ಇದೆ? ಸೋರದ ಹಾಗೆ ಏನು ಇಟ್ಟಿದ್ದಾರೆ? ನಿನಗೆ ಗೊತ್ತಲ್ಲ ನನ್ನ ಬುದ್ಧಿ. ಬ್ಲೌಸ್ ಹೊಲಿಯಲು ಯಾರು ಕಲಿಸಿದರು ನನಗೆ? ನಿನ್ನ ಮದುವೆಯ ಬ್ಲೌಸನ್ನು ಬಿಚ್ಚಿಹಾಕಿ ಕಲಿತೆ, ನೀನು ಇಡೀ ದಿನ ಬೈದೆ.

ಶರಣ್ಯ ಅವರಿವರ ಹತ್ತಿರ ಕೇಳಿ ಬೇರೆಬೇರೆ ಥರದ್ದನ್ನು ಫೋನಿನಲ್ಲೇ ತರಿಸಿದಳು. ಬಂದ ಮಧ್ಯಾಹ್ನವೇ ಹೊಲಿಗೆ ಬಿಚ್ಚುವ ಕೊಕ್ಕೆ ತಗೊಂಡು ಕೂತೆ. "ಚಿಕ್ಕಜ್ಜೀ! ಅದು ಹೊಸದು!" ಎಂದು ಕಿರುಚಿದಳು. "ಬಿಚ್ಚದೆ ಹೆಂಗೆ ಗೊತ್ತಾಗುತ್ತೆ? ಹಾಕ್ಕೊಳ್ಳೋಕೆ ನಾನು ಹೊಲ್ಕೊಡ್ತೀನಿ ಬಿಡು" ಎಂದೆ. ಮೊದಲು ಬಿಚ್ಚಿದ್ದು ಎಲ್ಲ ಪದರವನ್ನೂ ಒಟ್ಟಿಗೇ ಸೇರಿಸಿ ಹೊಲಿದಿದ್ದು. ಮೇಲೆ ಮೆತ್ತನೆಯ ಬಟ್ಟೆ, ನಡುವೆ ಟವೆಲಿನಂಥದ್ದು ಪದರಪದರ, ಕೆಳಗೆ ನೀರು ದಾಟದ ತೆಳ್ಳನೆಯ ಹಾಳೆ ಅಂಟಿಸಿದ ಬಟ್ಟೆ. ಮಳೆ ಕೋಟಿನ ಚಿಕ್ಕ ತಂಗಿ ಅನ್ನು. ಚಡ್ಡಿಯ ಮೇಲಿಟ್ಟು ರೆಕ್ಕೆಗಳನ್ನು ಕೆಳಗೆ ಮಡಿಸಿ ಬಟನ್ ಒತ್ತಿದರೆ ಮುಗಿಯಿತು. ಹಾಕುವುದಕ್ಕೆ ಬಹಳ ಸಲೀಸು, ಆದರೆ ಒಗೆದು ಹಿಂಡಿದರೆ ಒಳಗಿನ ಪದರ ಒದ್ದೆಯನ್ನು ಬಿಟ್ಟುಕೊಡುವುದೇ ಇಲ್ಲ. ಇನ್ನೊಂದು ದಿಂಬಿನ ಗೌಸಿನ ಹಾಗೆ. ಬೆನ್ನಲ್ಲಿ ಒಂದು ಬಾಯಿ, ಒಳಗಿನ ಪದರವನ್ನು ಎಳೆದು ತೆಗೆಯಬಹುದು. ಜಾಸ್ತಿ ಹೋಗುವ ದಿನ ಎರಡು ತುರುಕು, ಕಡಿಮೆ ದಿನ ಒಂದು ಸಾಕು. ಗೌಸು ಬೇರೆ, ಹೂರಣ ಬೇರೆ ಒಣಗುತ್ತದೆ. ಕಡೇ ದಿನಗಳಿಗೆ ಅಂತ ವೀಳ್ಯದೆಲೆಯಷ್ಟು ತೆಳ್ಳಗಿನದೂ ಇತ್ತು, ಮಲಗುವಾಗಿನದ್ದು ಹಿಂದೆ ಬೀಸಣಿಗೆಯ ಹಾಗೆ ಅಗಲ. ಯಾರು ಇಷ್ಟೆಲ್ಲ ಕೂತು ಯೋಚನೆ ಮಾಡಿದರು ಅಕ್ಕ? ನಮಗೆ ಎಲ್ಲ ದಿನಕ್ಕೂ ಒಂದೇ ಪಂಚೆ ತುಂಡು ತಾನೇ?

ಆ ಪೊಟ್ಟಣದಲ್ಲಿ ಇನ್ನೊಂದು ಥರ ಇತ್ತು, ಅದನ್ನು ಬಿಚ್ಚಬೇಕಾಗಲೇ ಇಲ್ಲ. ರೆಕ್ಕೆಯಿರುವ ಒಂದು ಪಟ್ಟಿ, ಅದರ ಎರಡು ತುದಿಗೆ ಅಡ್ಡ ರಿಬ್ಬನ್ನು. ಕರವಸ್ತ್ರದಂಥ ಚೌಕ ಬಟ್ಟೆಯನ್ನು ಉದ್ದಕ್ಕೆ ಮಡಿಸಿ ಆ ರಿಬ್ಬನ್ನುಗಳ ಕೆಳಗೆ ಸಿಕ್ಕಿಸಬೇಕು. ಒಗೆದ ಮೇಲೆ ಬಿಡಿಸಿ ಹರವಿದರೆ ಬರೀ ಒಂದು ಚೌಕ. ನಾನು ಆ ಮಡಿಕೆ ನೋಡುತ್ತ ಕೂತೆ. ಅಮ್ಮ ಮಡಿಸುತ್ತಿದ್ದದ್ದು ಇದೇ ಅಲ್ಲವಾ? ಎಡಕ್ಕೊಂದು, ಬಲಕ್ಕೊಂದು, ಅಂಗೈಯಲ್ಲಿ ಒತ್ತಿ... ನಮಗೆ ಕಲಿಸಿದ್ದೂ ಹಾಗೇ. ಹಾಗಾದರೆ ಇವರು ಹೊಸದಾಗಿ ಕಂಡುಹಿಡಿದಿದ್ದು ಏನು? ಆಮೇಲೆ ಹೊಳೆಯಿತು. ಬಟನ್ನು. ಮತ್ತೆ ಆ ಬಟನ್ನಿಗೆ ಕಚ್ಚಿಕೊಳ್ಳಲು ಕೆಳಗೆ ಒಂದು ಚಡ್ಡಿ. ನಮ್ಮ ಕಾಲದಲ್ಲಿ ಲಂಗದ ಒಳಗೆ ಮೈಗೆ ಅಂಟುವ ಚಡ್ಡಿ ಎಲ್ಲಿತ್ತು? ಸೊಂಟಕ್ಕೊಂದು ದಾರ, ದಾರಕ್ಕೆ ಹಿಂದೆ ಮುಂದೆ ಸಿಕ್ಕಿಸಿದ ಬಟ್ಟೆ. ದಾರ ಸಡಿಲವಾದರೆ ಬೀದಿಯೇ ಗತಿ. ಅವತ್ತು ಬಸ್ ಸ್ಟಾಪಿನಲ್ಲಿ ನಿನಗೆ ಕೈಕೊಟ್ಟಿದ್ದು ಬಟ್ಟೆಯಾ, ದಾರವಾ?

ಈ ಮಾತನ್ನೇ ಉಷಾಳಿಗೆ ಹೇಳಲು ಹೋದೆ. ಆಫೀಸಿನಿಂದ ಬಂದವಳು ಮಿಷನ್ ಮೇಲಿನ ತುಂಡುಗಳನ್ನು ನೋಡಿ ಬ್ಯಾಗು ಕೂಡ ಕೆಳಗಿಡಲಿಲ್ಲ. "ಏನಿದು?"

"ಶರಣ್ಯಂಗೆ ಕಣೆ."

"ಅಮ್ಮ ಸುಟ್ಟಿದ್ದನ್ನ ನೀನು ಮತ್ತೆ ಹೊಲೀತಿದೀಯಾ?"

"ಇದು ಅದಲ್ವೇ. ರೆಕ್ಕೆ ನೋಡು, ಬಟನ್ನು ನೋಡು."

"ಬಟನ್ ಹಾಕ್ಬಿಟ್ರೆ ಬಟ್ಟೆ ಬಟ್ಟೆ ಅಲ್ವಾ? ಒಗೆಯೋರು ಯಾರು? ಸ್ಕೂಲಲ್ಲಿ ಎಲ್ಲಿ ಬಿಚ್ತಾಳೆ? ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಸಾಯಂಕಾಲ ಬರೋಳಿಗೆ ಇದೆಲ್ಲ ಆಗುತ್ತಾ? ನಮ್ಮಮ್ಮ ಆ ನ್ಯೂಸ್‌ಪೇಪರ್ ಪೊಟ್ಟಣ ತಂದುಕೊಡದೆ ಇದ್ದಿದ್ರೆ ನಾನು ಡಿಗ್ರಿ ಮಾಡ್ತಿದ್ನಾ, ಈ ಕೆಲಸ ಮಾಡ್ತಿದ್ನಾ? ಫೋನಲ್ಲಿ ಹೂವಿನ ಚಿತ್ರ ತೋರಿಸಿದ್ರು ಅಂತ ನೀನು ನನ್ನ ಮಗಳನ್ನ ವಾಪಸ್ ಅಲ್ಲಿಗೇ ಕಳಿಸ್ತಿದೀಯಲ್ಲ ಚಿಕ್ಕಮ್ಮ."

ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? ಅವತ್ತಿನಿಂದ ನನ್ನ ಜೊತೆ ಊಟ ತಿಂಡಿಗಷ್ಟೇ ಮಾತು. ಅವಳ ಮಗಳ ವಿಷಯ, ನಿನ್ನ ವಚನ, ನಡುವೆ ನನ್ನ ಕೊಕ್ಕೆ. ನಿಲ್ಲಿಸಿಬಿಡಬೇಕಿತ್ತಾ? ಆದರೆ ಅತ್ತ ಆ ಹುಡುಗಿಯ ತೊಡೆಯ ಗಾಯ...

ಬಳೇಪೇಟೆಗೆ ನಾನು ಹೋಗಿ ವರ್ಷಗಳೇ ಆಗಿದ್ದವು. ಅಪ್ಪಾಜಿಯ ದಾರ, ಲೇಸಿನ ಅಂಗಡಿ ಇದ್ದ ಜಾಗದಲ್ಲಿ ಈಗ ಇಮಿಟೇಷನ್ ಒಡವೆ. ಕೈಗಾಡಿ, ಸ್ಕೂಟರಿನ ನಡುವೆ ನುಸುಳಿಕೊಂಡು ಒಂದು ಬಟನ್ ಅಂಗಡಿ ಹತ್ತಿದೆ. ಕೌಂಟರಿನಲ್ಲಿದ್ದವರು ಪ್ಲಾಸ್ಟಿಕ್ ಪ್ರೆಸ್ ಬಟನ್ ಸುರಿದು "ಮಗು ಬಿಬ್‌ಗಾ ಅಮ್ಮಾ?" ಎಂದರು. ಹೂಂ ಅಂದುಬಿಡಬಹುದಿತ್ತು. ನೀನು ಅವತ್ತು ಮೆಡಿಕಲ್ ಶಾಪಿನಲ್ಲಿ ಬಾಯಿಬಿಟ್ಟು ಕೇಳಿದ್ದು ನೆನಪಾಯಿತು. "ಅಲ್ಲಪ್ಪ, ಮುಟ್ಟಿನ ಪ್ಯಾಡಿಗೆ" ಎಂದೆ. ಅವರು ತಲೆಯನ್ನೂ ಎತ್ತಲಿಲ್ಲ. "ಕಲರ್ ಯಾವ್ದು ಕೊಡ್ಲಿ?" ನಮ್ಮ ಎಷ್ಟು ವರ್ಷದ ನಾಚಿಕೆ ಅಕ್ಕ, ಅಲ್ಲಿ ಅದನ್ನು ಕೊಳ್ಳುವವರೇ ಇರಲಿಲ್ಲ. ಕಾಟನ್‌ಪೇಟೆಗೆ ಹೋಗಿ ಬನಿಯನ್ ಬಟ್ಟೆಯನ್ನೂ ತಂದೆ. ಫೋನಿನಲ್ಲಿ ತರಿಸಿದ್ದಕ್ಕೆ ಮೇಲೆ ಮಖಮಲ್ಲಿನಂಥ ನೈಲಾನು ಹಾಕಿದ್ದರು, ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಆದರೆ ಶರಣ್ಯಳಿಗೆ ಅದು ಸೆಕೆ. ಬನಿಯನ್ ಬಟ್ಟೆ ಒದ್ದೆ ಅನ್ನುವುದನ್ನು ಬೇಗ ತಿಳಿಸಿಬಿಡುತ್ತದೆ. ತಿಳಿಸಲಿ, ಆಗ ಬೇಗ ಬದಲಾಯಿಸುತ್ತಾಳೆ ಎಂದುಕೊಂಡೆ.

ನನ್ನ ಮೊದಲ ಪ್ಯಾಡು ತಯಾರಾದ ದಿನ ಜಂಬದಿಂದ ಅದರ ಮೇಲೆ ಒಂದು ಲೋಟ ನೀರು ಹುಯ್ದು ತೋರಿಸಿದೆ. ನೀರು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉರುಳಿ ನೆಲಕ್ಕೆ ಹೋಯಿತು. ಹೊಸ ಬಟ್ಟೆಯ ಗಂಜಿ ಹೋಗದೆ ಅದು ಹೀರುವುದಿಲ್ಲ, ನಾಲ್ಕಾರು ಸಲ ಒಗೆದ ಮೇಲೇ ಅದಕ್ಕೆ ಬಾಯಾರಿಕೆ. ಸರಿ, ಒಗೆದು ಒಗೆದು ಪಳಗಿಸಿ ಕೊಟ್ಟೆ. ಮೊದಲ ತಿಂಗಳು ಶರಣ್ಯ ಹಾಕಿಕೊಂಡಳು. ಎರಡನೇ ದಿನಕ್ಕೆ ಮೂಗು ಮುಚ್ಚಿಕೊಂಡು ತಂದು ನನ್ನ ಮುಂದೆ ಹಿಡಿದಳು. "ಒಗ್ದಿರೋದೇ, ಮುಗ್ಗಲು ವಾಸನೆ ಬರ್ತಿದೆ ಚಿಕ್ಕಜ್ಜಿ. ಒಳಗೆ ಇನ್ನೂ ತಣ್ಣಗಿದೆ. ಮತ್ತೆ ಕೆರೀತಿದೆ." ಅಡುಗೆಮನೆಯಿಂದ ಉಷಾ "ಹೇಳ್ಲಿಲ್ವಾ ನಾನು?" ಎಂದಳು. ಹುಡುಗಿ ಆ ತಿಂಗಳೂ ಸ್ಕೂಲು ತಪ್ಪಿಸಿಕೊಂಡಳು. ಸಾಕಪ್ಪ, ಅಕ್ಕ ಸುಟ್ಟಿದ್ದೇ ಸರಿ, ಎಲ್ಲ ಕಟ್ಟಿ ಕಸದ ಗಾಡಿಗೆ ಹಾಕುತ್ತೇನೆ ಎಂದು ಮಹಡಿಗೆ ಹೋದೆ. ಶರಣ್ಯಳೂ ಹಿಂದೆಯೇ ಬಂದಳು.

ದಾರದ ಮೇಲೆ ಪ್ಯಾಡು ಕಾಣಲಿಲ್ಲ. ನನ್ನ ಲಂಗ ಒಂದು ತೂಗಾಡುತ್ತಿತ್ತು. ಅದನ್ನು ಎತ್ತಿದೆ. ಕೆಳಗೆ ಸಾಲಾಗಿ ಒಣಗಲು ಹಾಕಿದ್ದ ಪ್ಯಾಡುಗಳು, ಗೌಸು ಹೂರಣ ಎಲ್ಲ. ಯಾರು ಮುಚ್ಚಿದರು? ನಾನೇ. ಒಗೆದು ತಂದಾಗಲೆಲ್ಲ, ಯಾರೂ ಹೇಳದೆ, ನನಗೇ ಗೊತ್ತಾಗದೆ, ಮೊದಲು ಅದನ್ನು ಹಾಕಿ ಮೇಲೆ ಲಂಗ ಹೊದಿಸಿದ್ದೇನೆ. ಶರಣ್ಯ ಬಿದ್ದು ಬಿದ್ದು ನಕ್ಕಳು. "ಯಾರಿಂದ ಬಚ್ಚಿಡ್ತಿದೀಯ ಚಿಕ್ಕಜ್ಜಿ? ಕಾಗೆಯಿಂದನಾ?" ನಾನೂ ನಕ್ಕೆ. ಆಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತುಬಿಟ್ಟೆ.

ನಮ್ಮ ಮನೆ ನೆನಪು ಮಾಡಿಕೋ ಅಕ್ಕ. ಮುಟ್ಟಿಗೆ ಮೈಲಿಗೆ ಇಲ್ಲದ ಮನೆ. ಆ ದಿನಗಳಲ್ಲೂ ಸ್ನಾನ ಮಾಡಿ ವಿಭೂತಿ ಹಚ್ಚಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದೆವು, ಅಡುಗೆ ಮಾಡುತ್ತಿದ್ದೆವು. ಪಕ್ಕದ ಮನೆಯ ಹೆಂಗಸರು ಹಿತ್ತಲಲ್ಲಿ ಕೂತಿದ್ದನ್ನು ನೋಡಿ ಅಮ್ಮ "ನಮ್ಮಲ್ಲಿ ಅದೆಲ್ಲ ಇಲ್ಲಮ್ಮ" ಎಂದು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು. ಅದೇ ಅಮ್ಮ ಬಟ್ಟೆ ಒಣಗಿಸುವಾಗ "ಮೇಲೊಂದು ಲಂಗ ಹಾಕ್ರೇ" ಅನ್ನುತ್ತಿದ್ದಳು. ಲಿಂಗಕ್ಕಿಲ್ಲದ ನಾಚಿಕೆ ಬಟ್ಟೆ ಒಣಗುವ ದಾರಕ್ಕೆ ಯಾಕಿತ್ತು? ನಮ್ಮ ಬಟ್ಟೆ ಒಂದು ದಿನವಾದರೂ ಬಿಸಿಲು ಕಂಡಿತ್ತಾ? ಹಸಿಹಸಿಯಾಗೇ ಕಟ್ಟಿಕೊಂಡು, ಒರಟಾಗಿ, ತೊಡೆ ಕಿತ್ತು ಹೋಗಿ, ವಾಸನೆಗೆ ಹೆದರಿ ಯಾರ ಪಕ್ಕವೂ ಕೂರದೆ... ನೀನು ಅಷ್ಟು ದ್ವೇಷ ಮಾಡಿದ್ದು ಬಟ್ಟೆಯನ್ನಾ? ಬಿಸಿಲಲ್ಲಿ ಒಣಗಿದ ಬಟ್ಟೆ ಹೇಗಿರುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲವಲ್ಲ. ಡಾಕ್ಟರಮ್ಮನ ಮಾತಿನಲ್ಲಿ ಬಟ್ಟೆ ಅನ್ನುವುದು ನನಗೆ ಕೇಳಿಸಿತ್ತು, ಬಿಸಿಲು ಅನ್ನುವುದು ಕೇಳಿಸಿರಲಿಲ್ಲ ನೋಡು.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಒಗೆದು, ದಾರದ ಮೇಲೆ ಹಾಗೇ ತೆರೆದು ಹಾಕಿ ಕ್ಲಿಪ್ಪು ಕಚ್ಚಿಸಿದೆ. ಕೈ ಎರಡು ಸಲ ಲಂಗ ಹುಡುಕಿತು. ಪಕ್ಕದ ಮನೆಯ ಮಹಡಿಯಿಂದ ಸುಬ್ಬಮ್ಮ ಬಗ್ಗಿ ನೋಡಿ "ಏನ್ರೀ ಗಿರಿಜಮ್ಮ, ಮಗು ಬಟ್ಟೆನಾ? ಯಾರ್ ಮನೇಲಿ ಬಾಣಂತನ?" ಎಂದು ಕೇಳಿದರು. ಹೇಳಿದೆ. "ಅಯ್ಯೋ" ಎಂದು ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ವಾಪಸು ಬಂದು "ಬಟನ್ ಚುಚ್ಚಲ್ವಾ?" ಎಂದರು. ಮಧ್ಯಾಹ್ನ ಇಳಿಸಿಕೊಂಡು ಕೆನ್ನೆಗೆ ಒತ್ತಿ ನೋಡಿದೆ ಅಕ್ಕ. ಹಪ್ಪಳದ ಹಾಗೆ ಬಿಸಿ, ಒಂದು ಚೂರೂ ವಾಸನೆ ಇಲ್ಲ. ನಿನಗೊಂದು ತೋರಿಸಬೇಕಿತ್ತು.

ಈಗ ಶರಣ್ಯ ತನ್ನದೇ ಕ್ರಮ ಮಾಡಿಕೊಂಡಿದ್ದಾಳೆ. ಮನೆಯಲ್ಲಿರುವ ದಿನ ನಮ್ಮಮ್ಮನ ಮಡಿಕೆಯದ್ದು, ಸ್ಕೂಲಿಗೆ ಗೌಸಿನದ್ದು. ಬಿಚ್ಚಿದ್ದನ್ನು ಇಟ್ಟುಕೊಳ್ಳಲು ಜಿಪ್ಪಿನ ಚೀಲ ಹೊಲಿದುಕೊಟ್ಟೆ. ಲ್ಯಾಬು, ಆಟ ಅಂತ ಬದಲಾಯಿಸಲು ಆಗದ ದಿನ ಅಂಗಡಿಯ ಪ್ಯಾಡೇ. ಆ ಪಾಕೀಟನ್ನು ನಾನು ಕಪಾಟಿನಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಉಷಾ ಹೇಳಿದ್ದು ಸರಿ, ನೀರಿಲ್ಲದ ಕಡೆ, ಸಮಯವಿಲ್ಲದ ಕಡೆ ಬಟ್ಟೆ ಶಿಕ್ಷೆಯೇ. ಮೊದಮೊದಲು ಹುಡುಗಿ ಬಕೆಟ್ಟಿನಲ್ಲಿ ನೆನೆಹಾಕಿ ಮರೆತವಳ ಹಾಗೆ ಓಡಾಡುತ್ತಿದ್ದಳು. "ಹೊಲಿಯೋದು ನಂದು, ಒಗೆಯೋದು ನಿಂದು" ಎಂದೆ. ತಣ್ಣೀರಲ್ಲಿ ನೆನೆಸು, ಬಿಸಿನೀರು ಹುಯ್ದರೆ ಕಲೆ ಕೂತುಬಿಡುತ್ತದೆ ಎಂದು ಕಲಿಸಿದೆ. ಈಗ ಮುಖ ಸಿಂಡರಿಸಿಕೊಂಡಾದರೂ ಒಗೆಯುತ್ತಾಳೆ. ತೊಡೆ ವಾಸಿಯಾಗಿದೆ. ಹೋದ ತಿಂಗಳು ಒಂದು ದಿನವೂ ಸ್ಕೂಲು ತಪ್ಪಿಸಲಿಲ್ಲ.

ಮೊನ್ನೆ ಭಾನುವಾರ ಶರಣ್ಯ ಟ್ಯೂಷನ್ನಿಗೆ ಹೋಗಿದ್ದಾಗ ಉಷಾ ತಾನಾಗಿಯೇ ನನ್ನ ಮಿಷನ್ ಹತ್ತಿರ ಬಂದು ನಿಂತಳು. ಅವಳಿಗೂ ಈಗ ಮುಟ್ಟು ನಿಲ್ಲುವ ವಯಸ್ಸು. ಒಂದು ತಿಂಗಳು ಬರುವುದೇ ಇಲ್ಲ, ಇನ್ನೊಂದು ತಿಂಗಳು ನಲ್ಲಿ ಬಿಟ್ಟ ಹಾಗೆ, ಮಲಗಿದಲ್ಲಿಂದ ಏಳಲು ಹೆದರಿಕೆ. ಬಾಯಿಬಿಟ್ಟು ಹೇಳಿರಲಿಲ್ಲ, ಹಾಸಿಗೆಯ ಮೇಲೆ ಟವೆಲ್ ಹಾಸಿಕೊಳ್ಳುವುದನ್ನು ನೋಡಿದ್ದೆ. ಡಾಕ್ಟರ ಹತ್ತಿರ ಹೋಗು ಎಂದು ಹೇಳಿ ಹೇಳಿ ಸೋತು, ಕಡೆಗೆ ಮುಂದಿನ ವಾರಕ್ಕೆ ಒಪ್ಪಿಸಿದ್ದೇನೆ. ಅವತ್ತು ಉಷಾ ಒಂದು ತುಂಡು ಕೈಗೆತ್ತಿಕೊಂಡು, ಬಟನ್ ಒತ್ತಿ, ಬಿಚ್ಚಿ, ಮತ್ತೆ ಒತ್ತಿ, "ಹಿಂದೆ ಇಷ್ಟು ಅಗಲ ಸಾಲುತ್ತಾ?" ಎಂದಳು.

"ಯಾರಿಗೆ?"

"ಯಾರಿಗೋ. ಕೇಳಿದ್ದಕ್ಕೆ ಹೇಳು."

"ಸಾಲಲ್ಲ" ಎಂದು ಬೆರಳಿಟ್ಟು ಅಳೆದೆ. "ಇನ್ನೂ ನಾಲ್ಕು ಬೆಟ್ಟು ಬಿಡ್ಬೇಕು."

"ಹಾಗಾದ್ರೆ ನಾಲ್ಕು ಬೆಟ್ಟು ಬಿಟ್ಟು ಒಂದು ಹೊಲಿ. ಆನೆ ಗೀನೆ ಬೇಡ, ಪ್ಲೇನ್ ಹಾಕು." ಬಾಗಿಲ ತನಕ ಹೋದವಳು ತಿರುಗಿ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ, ದನಿ ತಗ್ಗಿಸಿ, "ದಿನಾ ಬೆಳಿಗ್ಗೆ ಹೂ ಇಡೋವಾಗ ಅಮ್ಮನ ಹತ್ರ ಊರ ವಿಷಯ ಎಲ್ಲ ಒಪ್ಪಿಸ್ತೀಯಲ್ಲ, ಇದನ್ನ ಮಾತ್ರ ಹೇಳ್ಬೇಡ" ಎಂದಳು.

ಹೇಳಲ್ಲ ಕಣೆ ಎಂದು ಮಾತು ಕೊಟ್ಟೆ. ಎರಡು ಬೆಳಗು ಹೂವಿಟ್ಟು ಬಾಯಿ ಬಿಗಿಹಿಡಿದು ಈಚೆಗೆ ಬಂದೆ. ಮೂರನೆಯ ಬೆಳಗು ಕಷ್ಟವಾಯಿತು, ಕೂತು ಬರೆದುಬಿಟ್ಟೆ. ಅವಳದ್ದಕ್ಕೆ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ ಅಕ್ಕ, ನಾಳೆ ಹೊಲಿಯುತ್ತೇನೆ. ಬೇಡ ಅನ್ನುವುದಿದ್ದರೆ ಅಷ್ಟರೊಳಗೆ ಕನಸಿನಲ್ಲಾದರೂ ಬಂದು ಬೈದು ಹೋಗು.

ನಿನ್ನ,
ಗಿರಿಜ